ಈಸು ಬರದಿದ್ದರೂ ನಡೀತದ, ಆದರೆ…

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪ್ರವಾಸದ ಪುಟದಲ್ಲಿ ಮುರ್ಡೇಶ್ವರದ ನೇತ್ರಾಣಿ ದ್ವೀಪದ ಸ್ನಾರ್ಕ್ಲಿಂಗ್ ಬಗ್ಗೆ ಬರೆದಿದ್ದರು, ಅಂದರೆ ಕಣ್ಣು ಮೂಗು ಮುಚ್ಚುವ ಮಾಸ್ಕ್ ಹಾಕಿ, ಬಾಯಲ್ಲಿ ಉಸಿರಿನ ಕೊಳವೆ ಕಚ್ಚಿ, ನೀರಿನ ಮೇಲೆ ತೇಲುತ್ತಾ ಕೆಳಗಿನ ಮೀನು ನೋಡುವುದು. ಫೋಟೋ ಚೆಂದ ಇತ್ತು. ಕೊನೆಗೆ ಒಂದು ಸಾಲು ಇತ್ತು ನೋಡಿ, 'ಈಜು ಬಾರದವರೂ ಆರಾಮಾಗಿ ಮಾಡಬಹುದು' ಅಂತ. ಅದನ್ನು ಓದಿ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. ಆಮೇಲೆ ನಾನೊಬ್ಬಳೇ ಪೇಪರ್ ಹಿಡಿದುಕೊಂಡು ಸುಮ್ನೆ ಕೂತೆ. ಆ ಸಾಲು ಸುಳ್ಳಲ್ಲ. ಪೂರ್ತಿ ಖರೆಯೂ ಅಲ್ಲ. ಯಾಕೆಂದರೆ ಈಜು ಬಾರದ ನಾನು ಎರಡು ಸಲ ಸ್ನಾರ್ಕ್ಲಿಂಗ್‌ಗೆ ಹೋಗಿದ್ದೇನೆ. ಒಂದು ಸಲ ಹತ್ತು ನಿಮಿಷದಲ್ಲಿ ಅಳುತ್ತಾ ದೋಣಿ ಹತ್ತಿದ್ದೆ, ಇನ್ನೊಂದು ಸಲ ನೀರಿನಿಂದ ಮೇಲೆ ಬರಲು ಮನಸ್ಸಾಗಲಿಲ್ಲ. ಎರಡೂ ಸಲ ನಾನು ಅದೇ ನಾನೇ, ಈಜು ಬಾರದ ಹುಬ್ಬಳ್ಳಿಯ ಹೆಂಗಸು, ವಯಸ್ಸು 49.

ಮೊದಲ ಸಲದ ಕತೆ ಬೇಗ ಹೇಳಿ ಮುಗಿಸುತ್ತೇನೆ. ನಾಲ್ಕು ವರ್ಷದ ಹಿಂದೆ, ಕರಾವಳಿಯ ಒಂದು ಊರಲ್ಲಿ, ಊರಿನ ಹೆಸರು ಬೇಡ. ದೊಡ್ಡ ದೋಣಿ, ಜನ ಜಾತ್ರೆಯ ಹಾಗೆ. ನನಗೆ ಸಿಕ್ಕ ಲೈಫ್ ಜಾಕೆಟ್‌ನ ಒಂದು ಬಕಲ್ ಮುರಿದಿತ್ತು, ಅದಕ್ಕೆ ನೈಲಾನ್ ದಾರ ಕಟ್ಟಿಕೊಟ್ಟರು. ಮಾಸ್ಕುಗಳೆಲ್ಲ ಒಂದೇ ಬಕೆಟ್‌ನಲ್ಲಿ, ಒಬ್ಬರು ತೆಗೆದಿದ್ದನ್ನು ಇನ್ನೊಬ್ಬರು ಹಾಕಿಕೊಳ್ಳಬೇಕು. ಹೇಳಿಕೊಟ್ಟಿದ್ದು ಎಷ್ಟು ಅಂದರೆ 'ಬಾಯಲ್ಲಿ ಉಸಿರಾಡಿ, ಹೆದರಬೇಡಿ' ಅಷ್ಟೇ. ನಮ್ಮ ಗುಂಪಿನಲ್ಲಿ ಹದಿನಾಲ್ಕು ಜನ, ನೋಡಿಕೊಳ್ಳಲು ಒಬ್ಬನೇ ಹುಡುಗ. ನೀರಿಗಿಳಿದ ತಕ್ಷಣ ನಾನು ಮೂಗಿನಿಂದ ಉಸಿರೆಳೆದೆ, ಮಾಸ್ಕ್ ಮುಖಕ್ಕೆ ಕಚ್ಚಿಕೊಂಡಿತು, ಗಾಬರಿಯಲ್ಲಿ ಕಿತ್ತು ತೆಗೆದೆ, ಉಪ್ಪು ನೀರು ಮೂಗಿಗೂ ಗಂಟಲಿಗೂ ಒಟ್ಟಿಗೇ ಹೋಯಿತು. ಆ ಹುಡುಗ ಆ ಕಡೆ ಯಾರದೋ ವಿಡಿಯೋ ಮಾಡುತ್ತಿದ್ದ. ಪಾಪ, ಅವನ ತಪ್ಪೂ ಅಲ್ಲ, ಹದಿನಾಲ್ಕು ಜನರನ್ನು ಎರಡು ಕಣ್ಣಲ್ಲಿ ಯಾರು ತಾನೇ ನೋಡಲು ಆಗುತ್ತದೆ? ಉಳಿದ ಒಂದು ತಾಸು ದೋಣಿಯ ಅಂಚು ಹಿಡಿದು ವಾಂತಿ ಮಾಡಿಕೊಳ್ಳುತ್ತಾ ಕೂತೆ. ದುಡ್ಡು ಮಾತ್ರ ಪೂರ್ತಿ ಕೊಟ್ಟೆ.

ಎರಡನೇ ಸಲ ಹೋಗಿದ್ದು ಹೋದ ಫೆಬ್ರವರಿಯಲ್ಲಿ, ಮಗಳ ಹಟಕ್ಕೆ. ಈ ಸಲ ಫೋನಿನಲ್ಲೇ ವಕೀಲರ ಹಾಗೆ ಪ್ರಶ್ನೆ ಕೇಳಿದೆ. ಒಂದು ದೋಣಿಗೆ ಎಷ್ಟು ಜನ? ಒಬ್ಬ ಗೈಡ್‌ಗೆ ಎಷ್ಟು ಜನ? ದಪ್ಪಗಿದ್ದವರ ಅಳತೆಯ ಜಾಕೆಟ್ ಇದೆಯಾ? ಸಮುದ್ರಕ್ಕೆ ಹೋಗುವ ಮುಂಚೆ ಕಲಿಸುತ್ತೀರಾ? ಒಬ್ಬರು ಅರ್ಧಕ್ಕೇ ಫೋನ್ ಇಟ್ಟರು. ಇನ್ನೊಬ್ಬರು 'ಎಲ್ಲಾ ಆಗ್ತದೆ ಮೇಡಂ, ನೀವು ಬನ್ನಿ' ಅಂದರು, ಅದು ಉತ್ತರ ಅಲ್ಲ. ಮೂರನೆಯವರು ಎಲ್ಲಕ್ಕೂ ಸಮಾಧಾನದಿಂದ ಹೇಳಿದರು: ಸ್ಪೀಡ್ ಬೋಟ್, ನಿಮ್ಮ ಆರು ಜನ ಬಿಟ್ಟು ಬೇರೆ ಯಾರೂ ಇಲ್ಲ, ಇಬ್ಬರು ಗೈಡ್, ಹಿಂದಿನ ಸಂಜೆ ನೀವು ಉಳಿಯುವ ಹೋಟೆಲಿನ ಈಜುಕೊಳದಲ್ಲಿ ಒಂದು ತಾಸು ಅಭ್ಯಾಸ. ದೊಡ್ಡ ದೋಣಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಜಾಸ್ತಿ ದುಡ್ಡು. ಯಜಮಾನರು ಮುಖ ಸಣ್ಣ ಮಾಡಿದರು. ನಾನು ಒಪ್ಪಿಬಿಟ್ಟೆ.

ಹೊರಟವರು ನಾನು, ಯಜಮಾನರು, ಮಗಳು, ಅಣ್ಣ, ಗದಗಿನ ನಮ್ಮ ವೈನಿ, ಅವರ ಮಗ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದು ಅಂಕೋಲಾ, ಅಲ್ಲಿಂದ ಕುಮಟಾ, ಹೊನ್ನಾವರದ ಶರಾವತಿ ಸೇತುವೆ. ಆ ದಾರಿ ನಿಮ್ಮ ಓದುಗರಿಗೆ ಹೊಸದೇನಲ್ಲ.

ಆ ಸಂಜೆಯ ಒಂದು ತಾಸಿನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನನ್ನ ಇಡೀ ಪತ್ರ ಇರುವುದೇ ಅದರ ಮೇಲೆ. ಈಜುಕೊಳದಲ್ಲಿ ಎದೆಮಟ್ಟದ ನೀರು. ಗೈಡ್ ಮೀನುಗಾರರ ಮನೆಯ ಹುಡುಗ, ಇಪ್ಪತ್ತೈದರ ಆಸುಪಾಸು. ಮೊದಲು ಮಾಸ್ಕ್. ಪಟ್ಟಿ ಹಾಕದೆ ಸುಮ್ನೆ ಮುಖಕ್ಕೆ ಒತ್ತಿ ಮೂಗಿನಿಂದ ಸಣ್ಣಗೆ ಉಸಿರೆಳೆದರೆ ಅದು ಬೀಳದೆ ನಿಲ್ಲಬೇಕು, ನಿಂತರೆ ಅದು ನಿಮ್ಮ ಅಳತೆ. ಒಂದು ಕೂದಲು ಒಳಗೆ ಸಿಕ್ಕಿದರೂ ನೀರು ಬರುತ್ತದೆ. ಕೂದಲಿಗೇ ಹೀಗಾದರೆ ಮೀಸೆಗೆ? ಯಜಮಾನರು ಮದುವೆಗಿಂತ ಮುಂಚಿನಿಂದ ಸಾಕಿದ ಮೀಸೆ. 'ಮೂಗಿನ ಕೆಳಗೆ ಸ್ವಲ್ಪ ಬೋಳಿಸಿದ್ರೆ ಒಳ್ಳೇದಿತ್ತು ಸರ್' ಅಂದ ಹುಡುಗ. 'ಮೀನಾ ನೋಡಾಕ ಮೀಸಿ ಬೋಳಿಸ್ಕೊಳ್ಳಬೇಕಾ?' ಅಂದರು ಇವರು. ಕೊನೆಗೆ ಮೀಸೆಗೆ ವ್ಯಾಸಲೀನ್ ಸವರಿ ರಾಜಿಯಾಯಿತು.

ಮುಂದಿನ ತಂಟೆ ವೈನಿಯದು. ಮಾಸ್ಕಿನ ಗಾಜಿಗೆ ಒಳಗಿನಿಂದ ಮಂಜು ಕಟ್ಟದಿರಲು ಎಲ್ಲರೂ ಮಾಡುವ ಉಪಾಯ ಅಂದರೆ ಒಳಗೆ ಉಗುಳಿ, ಉಜ್ಜಿ, ನೀರಿನಲ್ಲಿ ಅದ್ದಿ ತೆಗೆಯುವುದು. ನಮ್ಮ ವೈನಿ ಮಕ್ಕಳು ಲೋಟ ಕಚ್ಚಿ ನೀರು ಕುಡಿದರೆ ಲೋಟ ಎತ್ತಿ ಬಚ್ಚಲಿಗೆ ಹಾಕುವವರು. 'ಎಂಜಲ ಹಚ್ಚಿದ್ದು ಕಣ್ಣಿಗೆ ಹಾಕ್ಕೊಳ್ಳಾ? ನಾ ಒಲ್ಲೆ' ಅಂದುಬಿಟ್ಟರು. ಹುಡುಗನಿಗೆ ಇಂಥವರು ಹೊಸಬರಲ್ಲ ಅಂತ ಕಾಣುತ್ತದೆ, ಜೇಬಿನಿಂದ ಮಕ್ಕಳ ಶಾಂಪೂ ಸಣ್ಣ ಬಾಟಲಿ ತೆಗೆದ. ಒಂದು ಹನಿ ಸಾಕು.

ಆಮೇಲೆ ಉಸಿರು. ನಾವು ಹುಟ್ಟಿದಾಗಿನಿಂದ ಮೂಗಿನಲ್ಲಿ ಉಸಿರಾಡಿದವರು, ಒಂದು ತಾಸಿನಲ್ಲಿ ಅದನ್ನು ಮರೆಯಬೇಕು. ಕೊಳವೆ ಬಾಯಲ್ಲಿ ಕಚ್ಚಿ, ಮುಖ ನೀರಿಗಿಟ್ಟು, ನಿಧಾನ ಒಳಗೆ, ಇನ್ನೂ ನಿಧಾನ ಹೊರಗೆ. ಮೊದಲ ಐದಾರು ಸಲ ನಾನು ಮುಖ ಇಟ್ಟ ಕೂಡಲೇ ಎತ್ತಿದೆ. ಈಜುಕೊಳದಲ್ಲಿ ಕಾಲಿಗೆ ನೆಲ ಸಿಗುತ್ತದಲ್ಲ, ಅದೇ ದೊಡ್ಡ ಧೈರ್ಯ. ಬೇಕಾದಾಗ ಎದ್ದು ನಿಂತರಾಯಿತು. ಕೊಳವೆಯೊಳಗೆ ನೀರು ಬಂದರೆ ಏನು ಮಾಡಬೇಕು ಅಂತ ಕೇಳಿದೆ. 'ಒಲೆ ಊದಿದ್ದೀರಲ್ಲ ಅಕ್ಕ, ಹಾಗೇ ಒಂದ್ಸಲ ಜೋರಾಗಿ ಊದಿ' ಅಂದ. ಊದುಗೊಳವೆ! ನನಗೂ ವೈನಿಗೂ ಒಂದೇ ಸಲಕ್ಕೆ ಬಂತು. ಗ್ಯಾಸ್ ಒಲೆಯ ಕಾಲದಲ್ಲಿ ಹುಟ್ಟಿದ ಮಕ್ಕಳಿಬ್ಬರೂ ನಾಲ್ಕು ಸಲ ಕೆಮ್ಮಿದರು.

ಮರುದಿನ ಏಳೂವರೆಗೆ ದೋಣಿ. ಮಧ್ಯಾಹ್ನವಾದಂತೆ ಗಾಳಿ ಎದ್ದು ನೀರು ಕದಡುತ್ತದೆ, ಹಾಗಾಗಿ ಬೆಳಿಗ್ಗೆಯೇ ಒಳ್ಳೆಯದು. ತೀರದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್. ಸ್ಪೀಡ್ ಬೋಟ್‌ನಲ್ಲಿ ನಮಗೆ ಮುಕ್ಕಾಲು ತಾಸೂ ಹಿಡಿಯಲಿಲ್ಲ. ಒಂದು ವಿಷಯ ನೆನಪಿಡಿ: ನಮ್ಮ ವಾಯವ್ಯ ಸಾರಿಗೆ ಬಸ್ಸಿನಲ್ಲಿ ಎಗರಿಸುವುದು ಹಿಂದಿನ ಸೀಟು, ಸ್ಪೀಡ್ ಬೋಟ್‌ನಲ್ಲಿ ಎಗರಿಸುವುದು ಮುಂದಿನದು. ವೈನಿ ಹವೆ ಚಲೋ ಬರುತ್ತದೆ ಅಂತ ಮುಂದೆ ಕೂತವರು ಎರಡೇ ನಿಮಿಷಕ್ಕೆ ಸೊಂಟ ಹಿಡಿದುಕೊಂಡು ಹಿಂದೆ ಬಂದರು. ಬೆನ್ನು ನೋವಿರುವವರು, ಬಸುರಿಯರು ಈ ಸಾಹಸಕ್ಕೆ ಹೋಗದಿರುವುದೇ ವಾಸಿ. ಹೊಟ್ಟೆಯ ವಿಷಯ ಹೇಳುವುದಾದರೆ ಖಾಲಿ ಹೊಟ್ಟೆಯೂ ಕೆಟ್ಟದ್ದು, ಮಿರ್ಚಿ ಗಿರ್ಮಿಟ್ ತಿಂದ ಹೊಟ್ಟೆಯೂ ಕೆಟ್ಟದ್ದು. ಎರಡು ಇಡ್ಲಿ ಸಾಕು. ದೂರದಲ್ಲಿ ಕಡಲು ಆಕಾಶ ಕೂಡುವ ಗೆರೆ ನೋಡುತ್ತಾ ಕೂರಬೇಕು. ನಮ್ಮ ಅಣ್ಣ ಮೊಬೈಲ್ ನೋಡುತ್ತಾ ಕೂತ, ಅವನ ಗತಿ ಏನಾಯಿತು ಅಂತ ಬರೆಯಬೇಕಾಗಿಲ್ಲ. ವಾಂತಿಗೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿ ದೋಣಿ ಹತ್ತುವ ಮುಂಚೆಯೇ ತಗೊಳ್ಳಬೇಕು, ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ.

ಹಿಂದೆ ತಿರುಗಿ ನೋಡಿದರೆ 123 ಅಡಿಯ ಶಿವ ಹೆಬ್ಬೆರಳಿನಷ್ಟಾಗಿದ್ದ. ಮುಂದೆ ದ್ವೀಪ. ಮೇಲಿನಿಂದ ತೆಗೆದ ಫೋಟೋದಲ್ಲಿ ಹೃದಯದ ಆಕಾರ ಕಾಣುತ್ತದೆ, ದೋಣಿಯಿಂದ ಕಾಣುವುದು ಕಡಿದಾದ ಒಂದು ಗುಡ್ಡ ಅಷ್ಟೇ. ವೈನಿಗೆ ಸ್ವಲ್ಪ ನಿರಾಸೆ. ಪಾರಿವಾಳ ಜಾಸ್ತಿ ಅಂತ ಇಂಗ್ಲಿಷರು ಇದಕ್ಕೆ ಪಿಜನ್ ಐಲೆಂಡ್ ಅಂತ ಹೆಸರಿಟ್ಟಿದ್ದರು. ಬಿಳಿ ಹೊಟ್ಟೆಯ ದೊಡ್ಡ ಕಡಲ ಹದ್ದೊಂದು ಬಂಡೆಯ ಮೇಲಿತ್ತು. ಮೇಲೆ ಆಡುಗಳೂ ಇವೆಯಂತೆ, ನಮ್ಮನ್ನು ಇಳಿಸಲಿಲ್ಲ.

ಎಂಜಿನ್ ಪೂರ್ತಿ ಬಂದ್ ಆಗುವ ತನಕ ಯಾರನ್ನೂ ಏಳಲು ಬಿಡಲಿಲ್ಲ. ಹಿಂದೆ ತಿರುಗುವ ಫ್ಯಾನ್ ಇರುತ್ತದಲ್ಲ, ಅದು ನಿಂತ ಮೇಲೇ ಏಣಿ. ತಲೆ ಎಣಿಸಿದರು. ಮೂರು ಮೂರು ಜನರಿಗೆ ಒಬ್ಬ ಗೈಡ್, ಒಂದು ತೇಲುವ ಟ್ಯೂಬು, ಅದಕ್ಕೊಂದು ಹಗ್ಗ. ಸನ್ನೆಗಳನ್ನು ಇನ್ನೊಮ್ಮೆ ಹೇಳಿದರು. ತಲೆಯ ಮೇಲೆ ಕೈ ಇಟ್ಟರೆ ಆರಾಮಿದ್ದೇನೆ ಅಂತ. ಕೈ ಎತ್ತಿ ಬೀಸಿದರೆ ಕಾಪಾಡಿ ಅಂತ. ನಮ್ಮೂರಲ್ಲಿ ತಲೆ ಮೇಲೆ ಕೈ ಇಟ್ಟರೆ ಎಲ್ಲ ಮುಳುಗಿತು ಅಂತ ಅರ್ಥ, ಕೈ ಬೀಸಿದರೆ ಹೋಗಿ ಬನ್ನಿ ಅಂತ. ಪೂರ್ತಿ ಉಲ್ಟಾ. ಇದನ್ನು ದಂಡೆಯ ಮೇಲೇ ಕಲಿಯಬೇಕು ಅಲ್ವಾ?

ಮುಖ ಇಟ್ಟೆ. ಉಸಿರು ಬಂತು, ಹೋಯಿತು. ಮತ್ತೆ ಬಂತು. ಆಗ ಕಣ್ಣು ಬಿಟ್ಟೆ.

ಅದನ್ನೆಲ್ಲ ಬರೆಯಲು ನನಗೆ ಬರುವುದಿಲ್ಲ. ಒಂದು ಮೀನು ಮೂಗಿನ ಹತ್ತಿರವೇ ಇದೆ ಅಂತ ಕೈ ಚಾಚಿದರೆ ಸಿಗಲಿಲ್ಲ. ಮಾಸ್ಕಿನ ಗಾಜಿನಲ್ಲಿ ನೀರೊಳಗಿನದೆಲ್ಲ ಮೂರರಲ್ಲೊಂದು ಪಾಲು ದೊಡ್ಡದಾಗಿ, ಕಾಲು ಪಾಲು ಹತ್ತಿರವಾಗಿ ಕಾಣುತ್ತದಂತೆ. ಹಾಗಾಗಿ ಊರಿಗೆ ಬಂದು 'ಇಷ್ಟುದ್ದ ಮೀನು' ಅಂತ ಕೈ ಅಗಲಿಸಿ ತೋರಿಸುವವರು ಪೂರ್ತಿ ಸುಳ್ಳು ಹೇಳುತ್ತಿರುವುದಿಲ್ಲ. ಇನ್ನೊಂದು, ನೀರೊಳಗೆ ಕಟ್ ಕಟ್ ಅಂತ ಸದ್ದು. ನನ್ನ ಹಲ್ಲೇ ಕಡಿಯುತ್ತಿದೆಯೇನೋ ಅಂದುಕೊಂಡೆ. ಅದು ಗಿಳಿಮೀನು. ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಬಂಡೆ, ಹವಳ ಕೆರೆದು ತಿನ್ನುತ್ತದೆ, ಅರಗದ ಸುಣ್ಣವನ್ನು ಮರಳು ಮಾಡಿ ಹಿಂದಿನಿಂದ ಬಿಡುತ್ತದೆ. ಮಾಲ್ಡೀವ್ಸ್‌ನಂಥ ದ್ವೀಪಗಳ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಇದರದೇ. ಇದನ್ನು ಕೇಳಿದಾಗಿನಿಂದ ಮಾಲ್ಡೀವ್ಸ್‌ಗೆ ಹೋಗಿ ಬಂದ ನೆಂಟರ ಫೋಟೋ ನೋಡಿದರೆ ಯಜಮಾನರಿಗೆ ನಗು ತಡೆಯುವುದಿಲ್ಲ.

ಹವಳ ಅಂದರೆ ನಮಗೆ ಗೊತ್ತಿರುವುದು ತಾಳಿಸರದ ಕೆಂಪು ಮಣಿ. ಆ ಒಡವೆಯ ಹವಳವೇ ಬೇರೆ ಜಾತಿ, ಹೆಸರುವಾಸಿಯಾದದ್ದು ಮೆಡಿಟರೇನಿಯನ್ ಸಮುದ್ರದ್ದು. ಇಲ್ಲಿರುವುದು ಕಂದು, ಹಸಿರು ಬಣ್ಣದ್ದು, ನೋಡಿದರೆ ಕಲ್ಲು ಅನ್ನಿಸುತ್ತದೆ. ಆದರೆ ಜೀವ ಇರುವಂಥದ್ದು. ಗುಂಡು ಬಂಡೆಯಂಥ ಹವಳ ವರ್ಷಕ್ಕೆ ಬೆಳೆಯುವುದು ಒಂದೆರಡು ಸೆಂಟಿಮೀಟರ್ ಇದ್ದರೆ ಹೆಚ್ಚು. ಕಾಲಿಗೆ ಕಟ್ಟಿದ, ಬಾತುಕೋಳಿ ಪಾದದಂಥ ಫಿನ್‌ನ ಒಂದು ಒದೆತಕ್ಕೆ ಹತ್ತು ವರ್ಷದ ಬೆಳೆ ಹೋಗುತ್ತದೆ. ಅದರ ಮೇಲೆ ನಿಲ್ಲಬಾರದು, ಮುರಿದು ತರಲಂತೂ ಬಾರದು, 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಮೊದಲ ಪಟ್ಟಿಯಲ್ಲೇ ಹವಳವೂ ಇದೆ. ಗಾಬರಿಯಾದವರು ಮೊದಲು ಮಾಡುವ ಕೆಲಸ ಏನು ಹೇಳಿ? ಕಾಲಿಗೆ ನೆಲ ಹುಡುಕುವುದು. ಅಂದರೆ ಕಲಿಯದೇ ಇಳಿದವರಿಂದ ಹವಳಕ್ಕೂ ಪೆಟ್ಟು. ಬೆನ್ನಿಗೆ ಕ್ರೀಮ್ ಬಳಿಯುವ ಬದಲು ತುಂಬುತೋಳಿನ ಅಂಗಿ ಹಾಕಿ ಅಂದರು. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ರಾಸಾಯನಿಕ ಹವಳಕ್ಕೆ ಕೆಟ್ಟದ್ದು ಅಂತ ಹವಾಯಿಯಲ್ಲಿ 2021ರಿಂದ ಅವುಗಳ ಮಾರಾಟವನ್ನೇ ನಿಲ್ಲಿಸಿದ್ದಾರೆ. ಅಣ್ಣ ಅಂಗಿಯನ್ನೂ ಹಾಕಲಿಲ್ಲ, ಕ್ರೀಮನ್ನೂ ಹಚ್ಚಲಿಲ್ಲ. ಎರಡು ರಾತ್ರಿ ಬೋರಲು ಮಲಗಿದ.

ಈಗ ಮುಖ್ಯ ವಿಷಯ. ಇಳಿದು ಹದಿನೈದು ನಿಮಿಷ ಆಗಿರಬೇಕು. ಒಂದು ಅಲೆ ಕೊಳವೆಯ ಮೇಲೆ ಹಾಯಿತು. ಬಾಯಿ ತುಂಬ ಉಪ್ಪು ನೀರು. ಊದಲು ಎದೆಯಲ್ಲಿ ಗಾಳಿಯೇ ಇರಲಿಲ್ಲ, ನಾನು ಆಗಷ್ಟೇ ಉಸಿರು ಬಿಟ್ಟು ಮುಗಿಸಿದ್ದೆ. ನಾಲ್ಕು ವರ್ಷದ ಹಿಂದಿನ ಗಾಬರಿ ಹಾಗೇ ಎದ್ದು ಬಂತು, ಕೈ ಮಾಸ್ಕಿಗೆ ಹೋಯಿತು. ಅಷ್ಟರಲ್ಲಿ ಆ ಹುಡುಗನ ಕೈ ನನ್ನ ತೋಳಿನ ಮೇಲಿತ್ತು. ಅವನು ಹತ್ತು ಅಡಿ ದೂರದಲ್ಲೇ ಇದ್ದ. 'ಕೊಳವೆ ಬಿಡಿ ಅಕ್ಕ, ಬೆನ್ನ ಮೇಲೆ ಮಲಗಿ, ಆಕಾಶ ನೋಡಿ' ಅಂದ. ಮಲಗಿದೆ. ಜಾಕೆಟ್ ತೇಲಿಸಿತು. ಕೆಮ್ಮಿದೆ, ಉಗುಳಿದೆ, ಮೋಡ ನೋಡಿದೆ. ಒಂದೆರಡು ನಿಮಿಷಕ್ಕೆ ಮತ್ತೆ ಮುಖ ನೀರಿಗಿಟ್ಟೆ. ಅವತ್ತೂ ನನಗೆ ಈಜು ಬರುತ್ತಿರಲಿಲ್ಲ. ಬಕಲ್ ಗಟ್ಟಿ ಇತ್ತು, ಹಿಂದಿನ ಸಂಜೆಯ ಒಂದು ತಾಸು ಇತ್ತು, ಹತ್ತಿರ ಒಬ್ಬ ಮನುಷ್ಯ ಇದ್ದ. 'ಈಜು ಬಾರದಿದ್ದರೂ ನಡೆಯುತ್ತದೆ' ಅನ್ನುವಾಗ ಈ ಮೂರನ್ನು ಹೇಳದೇ ಬಿಟ್ಟರೆ ಆ ಸಾಲು ನಮ್ಮಂಥವರಿಗೆ ಅಪಾಯ, ಸಂಪಾದಕರೇ.

ನಮ್ಮಂಥವರು ಅಂದರೆ ಬಯಲುಸೀಮೆಯವರು. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುವಾಗ ದೋಣಿ ಮಗುಚಿ 16 ಜನ ತೀರಿಕೊಂಡರು. ಅದರಲ್ಲಿ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಒಂದೇ ಕುಟುಂಬದ ಹಲವರಿದ್ದರು, ಮಕ್ಕಳೂ ಇದ್ದರು. ದೋಣಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನ. 2024ರ ಡಿಸೆಂಬರ್‌ನಲ್ಲಿ ಇದೇ ಮುರ್ಡೇಶ್ವರದ ದಂಡೆಯಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುಳುಗಿದರು. ಸ್ನಾರ್ಕ್ಲಿಂಗ್‌ಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಕಡಲನ್ನು ನಾವು ವರ್ಷಕ್ಕೊಮ್ಮೆ ರಜೆಯಲ್ಲಿ ನೋಡುತ್ತೇವೆ, ನೋಡಿದ ಕೂಡಲೇ ಇಳಿಯುತ್ತೇವೆ. ಅದೇ ಸಂಬಂಧ.

ನನ್ನ ತವರು ಹಾವೇರಿ ಕಡೆ, ವರದಾ ನದಿಯ ದಂಡೆ. ಅಲ್ಲಿ ಈಜಿಗೆ ಈಸು ಅಂತೇವೆ. ಅಣ್ಣಂದಿರೆಲ್ಲ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಸು ಕಲಿತರು. ನಾವು ಹುಡುಗಿಯರು ಹೊಳೆಯ ಮೆಟ್ಟಿಲ ಮೇಲೆ ಅರಿವೆ ಒಗೆದೆವು. ದಿನಾ ನೀರಿನಲ್ಲಿ ಕಾಲಿಟ್ಟರೂ ಮೊಣಕಾಲಿಗಿಂತ ಮೇಲೆ ನೀರು ಕಂಡವರಲ್ಲ. ಈಗ ಬೋರ್‌ವೆಲ್ ಬಂದು ಬಾವಿಗಳೂ ಮುಚ್ಚಿದವು, ಹುಡುಗರಿಗೂ ಈಸು ಇಲ್ಲ. ಹುಬ್ಬಳ್ಳಿಯಲ್ಲಿ ಬೇಸಿಗೆ ಶಿಬಿರ ಅಂದರೆ ಮಕ್ಕಳಿಗೆ. ನನ್ನ ವಯಸ್ಸಿನವರು ಹೋಗಿ ಕೇಳಿದರೆ ಕೌಂಟರ್‌ನಲ್ಲಿ ಕೂತವರು ನಮ್ಮ ಹಿಂದೆ ಯಾವ ಮಗು ನಿಂತಿದೆ ಅಂತ ನೋಡುತ್ತಾರೆ.

ಹಾಗಾಗಿ ಅವಳಿ ನಗರದಲ್ಲಿ ಈಜುಕೊಳ ನಡೆಸುವವರಿಗೆ ನಿಮ್ಮ ಮೂಲಕ ಒಂದು ಕೋರಿಕೆ. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಇಲ್ಲ, ಅಕ್ಟೋಬರ್‌ನಿಂದ ಮತ್ತೆ ಶುರು. ಅಷ್ಟರೊಳಗೆ ವಾರಕ್ಕೆ ಒಂದು ತಾಸು ದೊಡ್ಡವರಿಗೆ ಬಿಟ್ಟುಕೊಡಿ, ಹೆಂಗಸರಿಗೆ ಬೇರೆ ಹೊತ್ತು ಇದ್ದರೆ ಇನ್ನೂ ಚಲೋ. ಈಜು ಕಲಿಸದಿದ್ದರೂ ಪರವಾಗಿಲ್ಲ. ಎದೆಮಟ್ಟದ ನೀರಿನಲ್ಲಿ ಮುಖ ಇಟ್ಟು ಉಸಿರಾಡುವುದು, ಬೆನ್ನ ಮೇಲೆ ತೇಲುವುದು, ಇಷ್ಟು ಮಾಡಿಸಿ ಸಾಕು. ಇಲ್ಲಿಂದ ಪ್ಯಾಕೇಜ್ ಟೂರ್ ಮಾರುವವರು ಬೆಲೆಯ ಪಕ್ಕದಲ್ಲೇ ಒಬ್ಬ ಗೈಡ್‌ಗೆ ಎಷ್ಟು ಜನ ಅಂತ ಬರೆಯಲಿ. ಮತ್ತೆ ನಿಮ್ಮ ಪ್ರವಾಸದ ಪುಟದವರು ಮುಂದಿನ ಸಲ ಆ ಸಾಲಿನ ಜೊತೆ ಇನ್ನೆರಡು ಸಾಲು ಸೇರಿಸಲಿ, ಜಾಗ ಇಲ್ಲದಿದ್ದರೆ ಫೋಟೋ ಸ್ವಲ್ಪ ಸಣ್ಣದು ಮಾಡಿ.

ನಾನು ಬರುವಾಗ ಎರಡು ಮಾಸ್ಕ್ ಕೊಂಡು ತಂದಿದ್ದೇನೆ. ವೈನಿ ಗದಗಿನಿಂದ ಬಂದಾಗಲೆಲ್ಲ ನಮ್ಮ ಬಚ್ಚಲುಮನೆಯ ದೊಡ್ಡ ಟಬ್‌ನಲ್ಲಿ ಮುಖ ಇಟ್ಟು ಅಭ್ಯಾಸ ಮಾಡುತ್ತಾರೆ, ಅವರ ಮಾಸ್ಕ್ ಮಾತ್ರ ಬೇರೆ, ಎಂಜಲು ನೋಡಿ. ಓಣಿಯ ಇನ್ನಿಬ್ಬರು ಹೆಂಗಸರೂ ತಯಾರಿದ್ದಾರೆ. ಯಾವುದಾದರೂ ಈಜುಕೊಳದವರು ಮನಸ್ಸು ಮಾಡಿ ಹೊತ್ತು ತಿಳಿಸಿದರೆ ನಾಲ್ಕು ಜನ ಈಗಲೇ ಬರುತ್ತೇವೆ. ಯಾವ ದಿನವಾದರೂ ಅಡ್ಡಿಯಿಲ್ಲ, ನಳ ಬರುವ ದಿನ ಒಂದು ಬಿಟ್ಟು. ಅವತ್ತು ಮನೆಯಲ್ಲೇ ನೀರು ಹಿಡಿಯುವ ಕೆಲಸ ಇರುತ್ತದೆ.

ಕೇಶ್ವಾಪುರದ ಒಬ್ಬ ಓದುಗಿ,
ಹುಬ್ಬಳ್ಳಿ